ಉಳಿದ ರೊಕ್ಕ ಯಾರ ಮೈಮೇಲೆ?

ಕಲಬುರಗಿಯ ಒಂದು ಮನೆಯ ಪ್ರಕರಣ ಇದು. ಗುರುತು ಸಿಗಬಾರದೆಂದು ಕೆಲಸ, ವಯಸ್ಸು, ಸಾಲದ ಮೊತ್ತ ಎಲ್ಲವನ್ನೂ ಸ್ವಲ್ಪ ಬದಲಿಸಿದ್ದೇನೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಜಗಳ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ.

ಗಂಡನಿಗೆ 52 ವರ್ಷ. ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಹೆಂಡತಿ ಮನೆಯಲ್ಲೇ ಸೀರೆಗೆ ಫಾಲ್ ಹಚ್ಚುತ್ತಾರೆ, ಬ್ಲೌಸ್ ಹೊಲಿಯುತ್ತಾರೆ. ಮಗಳಿಗೆ ಮದುವೆಯಾಗಿದೆ. ಮಗ ಪಿಯುಸಿ ಓದುತ್ತಿದ್ದಾನೆ. ಜೊತೆಗೆ ಗಂಡನ ತಾಯಿ, ಎಪ್ಪತ್ತು ದಾಟಿದವರು. ನನ್ನ ಹತ್ತಿರ ಸಲಹೆ ಕೇಳಲು ಮೊದಲು ಬಂದದ್ದು ಹೆಂಡತಿ, ಮೇ ತಿಂಗಳ ಒಂದು ಮಧ್ಯಾಹ್ನ. “ನಮ್ಮನಿಯವ್ರು ಕುಡಿಯಂಗಿಲ್ಲ, ಹೊಡಿಯಂಗಿಲ್ಲ ಮೇಡಂ. ರೊಕ್ಕ ಉಳಸ್ತಾರ. ಅದಕ್ಕ ಬ್ಯಾಸತ್ತು ಬಂದೀನಿ” ಅಂದರು.

ಕೇಳಿದವರಿಗೆ ನಗು ಬರಬಹುದು. ನನಗೆ ಬರಲಿಲ್ಲ. ಇಂಥ ದೂರು ಬಂದಾಗ ನಾನು ಮೊದಲು ನೋಡುವುದೇ ಬೇರೆ. ಊಟ, ಔಷಧಿ, ಅವರ ದುಡಿಮೆಯ ಹಣ, ತವರಿಗೆ ಹೋಗಿ ಬರುವುದು, ಇವುಗಳಲ್ಲಿ ಯಾವುದಕ್ಕಾದರೂ ಅಡ್ಡಿ ಇದೆಯಾ? ಹೆದರಿಕೆ ಇದೆಯಾ? ಇದ್ದರೆ ಅದನ್ನು ಉಳಿತಾಯ ಅನ್ನಲು ಬರುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹಣಕಾಸಿನ ದೌರ್ಜನ್ಯವೂ ದೌರ್ಜನ್ಯವೇ. ಅಂಥವರಿಗೆ ಬಜೆಟ್ ಪಾಠ ಹೇಳುತ್ತಾ ಕೂರಬಾರದು, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿಸಬೇಕು. ಈಕೆಯನ್ನು ಒಬ್ಬರನ್ನೇ ಕೂರಿಸಿಕೊಂಡು ಬಿಡಿಸಿ ಬಿಡಿಸಿ ಕೇಳಿದೆ. ಭಯ ಇರಲಿಲ್ಲ. ಸಿಟ್ಟು ಬೇಕಾದಷ್ಟಿತ್ತು. ಒಂದು ಅನುಮಾನವೂ ಇತ್ತು. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ದಿನವೇ ಗಂಡ ಎಟಿಎಂ ಕಾರ್ಡ್ ಒಯ್ಯುತ್ತಾರೆ. ಏನು ಮಾಡುತ್ತಾರೆ ಅಂತ ಹೇಳುವುದಿಲ್ಲ. ಅದನ್ನು ಬರೆದಿಟ್ಟುಕೊಂಡೆ.

ಮುಂದಿನ ಸಲ ಗಂಡ ಬಂದರು. ಬಗಲಲ್ಲಿ ಉದ್ದನೆಯ ಲೆಕ್ಕದ ಬುಕ್ಕು. ಅಕ್ಷರ ಮುತ್ತಿನಂಥದ್ದು. ಎಡಕ್ಕೆ ಬಾಬ್ತು, ಬಲಕ್ಕೆ ಉಳಿದ ಹಣ. “ಫ್ರಿಜ್ ಬಂದ್, ರಾತ್ರಿ 11ರಿಂದ 5: ರೂ. 2.” “ಕೂಲರ್ ಬಂದ್: ರೂ. 10.” “ವಾಷಿಂಗ್ ಮಷಿನ್ ಹಚ್ಚಿಲ್ಲ: ರೂ. 3.” “ಆಳಂದಕ್ಕೆ ಹೋಗಿ ಬಂದಳು, ಟಿಕೆಟ್ ಇಲ್ಲ” ಅಂತ ಶಕ್ತಿ ಯೋಜನೆಯ ಬಸ್ ಪ್ರಯಾಣವನ್ನೂ ತಮ್ಮ ಉಳಿತಾಯಕ್ಕೆ ಸೇರಿಸಿಕೊಂಡಿದ್ದರು! ತಿಂಗಳ ಕೊನೆಯಲ್ಲಿ ಕೆಂಪು ಗೆರೆ ಎಳೆದು ಒಟ್ಟು 640 ರೂಪಾಯಿ ತೋರಿಸಿದ್ದರು.

“ತಪ್ಪೇನದ ಹೇಳ್ರಿ?” ಅಂದರು.

ಅನಗತ್ಯವಾಗಿ ಉರಿಯುವ ಲೈಟು ಆರಿಸುವುದರಲ್ಲಿ ಯಾವ ತಪ್ಪೂ ಇಲ್ಲ. ಹಾಗಂತ ಅವರಿಗೂ ಹೇಳಿದೆ. ಆದರೆ ಕಲಬುರಗಿಯ ಮೇ ತಿಂಗಳಲ್ಲಿ ಕೂಲರ್ ಬಂದ್ ಮಾಡುವುದು ಬೇರೆ ಮಾತು. ಹಗಲು 42-43 ಡಿಗ್ರಿ ಕಾದ ಆರ್‌ಸಿಸಿ ಛಾವಣಿ ರಾತ್ರಿಯೆಲ್ಲಾ ಝಳ ಬಿಡುತ್ತಿರುತ್ತದೆ. ಅಜ್ಜಿ ಶಹಾಬಾದ್ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿಕೊಂಡು ಬರೀ ನೆಲದ ಮೇಲೆ ಮಲಗುತ್ತಿದ್ದರು. ಎದ್ದರೆ ಸೊಂಟ ಹಿಡಿದಿರುತ್ತಿತ್ತು. ವಯಸ್ಸಾದವರಿಗೆ ಸೆಕೆ ಬರೀ ಕಿರಿಕಿರಿಯಲ್ಲ, ಜೀವಕ್ಕೇ ಕುತ್ತು ತರಬಹುದು. ಈ ಒಂದು ವಿಷಯದಲ್ಲಿ ನಾನು ಚೌಕಾಸಿಗೆ ಬಿಡಲಿಲ್ಲ. ಅಜ್ಜಿಯ ಕೂಲರ್ ಅವತ್ತೇ ರಾತ್ರಿಯಿಂದ ಶುರುವಾಗಬೇಕು ಅಂದೆ.

ಯಾಕೆ ಬಂದ್ ಮಾಡಿದಿರಿ ಅಂತ ಕೇಳಿದರೆ ಗೃಹಜ್ಯೋತಿ, ಅಂದರೆ ಪುಕ್ಕಟೆ ಕರೆಂಟಿನ ಯೋಜನೆ, ಅಂದರು. 2023ರ ಆಗಸ್ಟ್‌ನಲ್ಲಿ ಆ ಯೋಜನೆಗೆ ಚಾಲನೆ ಸಿಕ್ಕಿದ್ದೇ ನಮ್ಮ ಕಲಬುರಗಿಯಲ್ಲಿ. ಆದರೂ ಅದರ ಲೆಕ್ಕ ಎಷ್ಟೋ ಮನೆಗಳಲ್ಲಿ ಇನ್ನೂ ಗೊಂದಲ. ಇವರ ಹಿಂದಿನ ಸರಾಸರಿ 82 ಯೂನಿಟ್. ಅದರ ಮೇಲೆ ಶೇಕಡಾ 10 ಸೇರಿಸಿದರೆ ಸುಮಾರು 90. ಅಷ್ಟಕ್ಕೆ ಬಿಲ್ ಇಲ್ಲ. ಒಂದು ಯೂನಿಟ್ ದಾಟಿದರೂ ಪೂರ್ತಿ ಬಿಲ್ ಕಟ್ಟಬೇಕು ಅಂತ ಇವರು ತಿಳಿದಿದ್ದರು. ಹಾಗಿಲ್ಲ. 200 ಯೂನಿಟ್ ಒಳಗೆ ಇರುವ ತನಕ ಹೆಚ್ಚಾದಷ್ಟಕ್ಕೆ ಮಾತ್ರ ಕಟ್ಟಬೇಕು. 200 ದಾಟಿದರೆ ಮಾತ್ರ ಎಲ್ಲಕ್ಕೂ ಬಿಲ್. ಇವರ ಕೂಲರ್ 180 ವಾಟಿನದು. ರಾತ್ರಿ 8 ತಾಸು ಓಡಿದರೆ ಒಂದೂವರೆ ಯೂನಿಟ್ ಒಳಗೇ. ತಿಂಗಳಿಗೆ 43 ಯೂನಿಟ್. ತೆರಿಗೆ ಎಲ್ಲ ಸೇರಿಸಿ ಯೂನಿಟ್‌ಗೆ 7 ರೂಪಾಯಿ ಹಿಡಿದರೂ 300 ರೂಪಾಯಿ ಆಯಿತು. ಅದೂ ವರ್ಷದಲ್ಲಿ ಎರಡು-ಮೂರು ತಿಂಗಳು. ಲೆಕ್ಕ ಬರೆಯುವ ಮನುಷ್ಯ, ತಾವೇ ಮತ್ತೊಮ್ಮೆ ಕೂಡಿಸಿ ನೋಡಿದರು. ಸುಮ್ಮನಾದರು.

ಇನ್ನೊಂದು ಮಾತು, ಕೂಲರ್ ಇರುವ ಎಲ್ಲರಿಗೂ. ನಮ್ಮ ಕಡೆಯ ಸೆಕೆ ಒಣ ಸೆಕೆ, ಹಾಗಾಗಿ ಕೂಲರ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬಾಗಿಲು ಕಿಟಕಿ ಮುಚ್ಚಿ ಹಚ್ಚಿದರೆ ಕೋಣೆ ತುಂಬ ತೇವ ತುಂಬಿಕೊಂಡು ಮೈ ಅಂಟಂಟು. ಕಿಟಕಿಗೆ ಹೊಂದಿಸಿ ಇಡಿ, ಎದುರಿನ ಕಿಟಕಿ ತೆಗೆದಿಡಿ.

ಫ್ರಿಜ್ ವಿಷಯದಲ್ಲಿ ಅವರ ಲೆಕ್ಕವೇ ತಪ್ಪಿತ್ತು. ಸಣ್ಣ ಫ್ರಿಜ್ ದಿನಪೂರ್ತಿ ಉಣ್ಣುವುದು ಅರ್ಧದಿಂದ ಒಂದು ಯೂನಿಟ್. ಆರು ತಾಸು ಬಂದ್ ಮಾಡಿದರೆ ಬೆಳಗ್ಗೆ ಮತ್ತೆ ತಣ್ಣಗಾಗಲು ಕಂಪ್ರೆಸರ್ ಜಾಸ್ತಿ ಹೊತ್ತು ಓಡುತ್ತದೆ. ಉಳಿದ ಎರಡು ರೂಪಾಯಿಯಲ್ಲಿ ಅರ್ಧ ಅಲ್ಲೇ ಹೋಯಿತು. ಮೇಲಿಂದ ಹಾಲು ಒಡೆಯುತ್ತದೆ. ಒಡೆದ ಹಾಲಿನ ಬಾಬ್ತು ಆ ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ.

ಎಲ್ಲೂ ಇರದಿದ್ದದ್ದು ಹಾಲು ಒಂದೇ ಅಲ್ಲ. ಹೆಂಡತಿಗೆ ಕೇಳಿದೆ, ನೀವು ಏನೇನು ಉಳಿಸುತ್ತೀರಿ ಅಂತ. “ನಾ ಏನ್ ಉಳಸ್ತೀನ್ರಿ, ಮನಿ ಕೆಲಸ ಅಷ್ಟೇ” ಅಂದರು. ಆಮೇಲೆ ಒಂದೊಂದೇ ಹೊರಗೆ ಬಂತು. ಹೊಸ ತೊಗರಿ ಮಾರ್ಕೆಟ್ಟಿಗೆ ಬರುವ ಕಾಲಕ್ಕೆ ವರ್ಷಕ್ಕಾಗುವ ಬೇಳೆ ಕೊಂಡು, ಹರಳೆಣ್ಣೆ ಹಚ್ಚಿ, ಬಿಸಿಲಿಗೆ ಹಾಕಿ ಡಬ್ಬಿ ತುಂಬುತ್ತಾರೆ. ಹುಳ ಹಿಡಿಯುವುದಿಲ್ಲ, ಮಳೆಗಾಲದಲ್ಲಿ ರೇಟು ಏರಿದರೂ ಚಿಂತೆಯಿಲ್ಲ. ಜೋಳ ಒಣಗಿಸಿ ನಡುನಡುವೆ ಬೇವಿನ ಸೊಪ್ಪು ಇಡುತ್ತಾರೆ. ಹಿಟ್ಟಿನ ಪಾಕೀಟು ಆ ಮನೆಗೆ ಬಂದೇ ಇಲ್ಲ. ಕಣ್ಣಿ ಮಾರ್ಕೆಟ್‌ಗೆ ಸಂಜೆ ಹೊತ್ತು ಮುಳುಗುವಾಗ ಹೋಗುತ್ತಾರೆ, ಉಳಿದ ಸೊಪ್ಪನ್ನು ಮಾರುವವರು ಸೂಡಿಗೆ ಇಷ್ಟು ಅನ್ನದೆ ಗುಂಪಿಗೆ ಇಷ್ಟು ಅಂತ ಕೊಟ್ಟುಬಿಡುತ್ತಾರೆ. ಪುಂಡಿಪಲ್ಯ ಎರಡು ದಿನಕ್ಕೆ ಆಗುತ್ತದೆ, ಎರಡನೇ ದಿನವೇ ರುಚಿ ಜಾಸ್ತಿ. ರೊಟ್ಟಿ ಉಳಿದರೆ ಒಣಗಿಸಿ ಕಟಕ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ. ಬೇಳೆ ಅರ್ಧ ತಾಸು ನೆನೆಸಿಯೇ ಕುಕ್ಕರಿಗೆ ಹಾಕುವುದು, ಮೊದಲ ಸೀಟಿ ಹೊಡೆದ ಮೇಲೆ ಉರಿ ಸಣ್ಣ. ಹೀಗಾಗಿ 14.2 ಕೆಜಿಯ ಸಿಲಿಂಡರ್ ಐದು ಜನರ ಮನೆಯಲ್ಲಿ ಒಂದೂವರೆ ತಿಂಗಳು ಬಂದದ್ದೂ ಇದೆ. ಮಗಳು ಇರುವಾಗಿನ ಮಾತು ಅದು. ಹಳೆ ಸೀರೆಯೆಲ್ಲ ಕೌದಿ ಆಗಿವೆ.

ಇದಕ್ಕೆಲ್ಲ ಬುಕ್ಕಿನಲ್ಲಿ ಒಂದು ಸಾಲೂ ಇಲ್ಲ! ಗಂಡ ಸ್ವಿಚ್ ಒತ್ತಿದರೆ ಉಳಿತಾಯ, ಹೆಂಡತಿ ದಿನವಿಡೀ ಬಾಗಿ ಎದ್ದರೆ ಬರೀ ಮನೆಗೆಲಸ. ಇದು ಒಂದು ಮನೆಯ ಕತೆ ಅಲ್ಲ ಬಿಡಿ.

ಆ ಬುಕ್ಕು ಬೇಡ ಅಂತ ನಾನು ಹೇಳಲಿಲ್ಲ. ಲೆಕ್ಕ ಬಿಡಿಸಿದರೆ ಇಂಥವರಿಗೆ ನೆಲ ಕುಸಿದ ಹಾಗಾಗುತ್ತದೆ. ಅದರ ಬದಲು ಇನ್ನೊಂದು ಗೆರೆ ಎಳೆಯಿರಿ ಅಂದೆ. ಮೂರನೇ ಕಾಲಂ. ತಲೆಬರಹ “ಯಾರ ಮೈಗೆ?” ಹಣ ಉಳಿಯಿತು ಸರಿ, ಅದಕ್ಕೆ ಯಾರು ಬೆವರಿದರು, ಯಾರು ನಿದ್ದೆ ಕೆಟ್ಟರು, ಬರೆಯಿರಿ. ಹೆಂಡತಿ ಉಳಿಸಿದ್ದನ್ನೂ ಅದೇ ಬುಕ್ಕಿನಲ್ಲಿ ಬರೆಯಿರಿ.

ತಿರುಗಿ ಬಂದಾಗ ಅವರ ಮುಖ ಇಳಿದಿತ್ತು. ವಾಷಿಂಗ್ ಮಷಿನ್ ಮೂರು ರೂಪಾಯಿ, ಎದುರಿಗೆ “ಇವಳು, ಒಂದು ತಾಸು.” ಕೂಲರ್ ಹತ್ತು ರೂಪಾಯಿ, “ಅವ್ವ.” ಮಗನ ಹೆಸರೂ ಇತ್ತು. ಅವನು ಗೆಳೆಯರ ಮನೆಯಲ್ಲಿ ಮೊಬೈಲ್ ಚಾರ್ಜ್ ಮಾಡಿಕೊಂಡು ಬರುತ್ತಿದ್ದ, ಯಾರನ್ನೂ ಮನೆಗೆ ಕರೆಯುತ್ತಿರಲಿಲ್ಲ. ತಮ್ಮ ಹೆಸರಿನ ಮುಂದೆ ಇದ್ದದ್ದು ಸಂಜೆಯ ಚಹಾ ಬಿಟ್ಟದ್ದು, ಅಷ್ಟೇ. “ಇದು ಉಳಿತಾಯ ಅಲ್ರಿ ಮೇಡಂ. ನನ್ ಖಾತೇದಾಗಿಂದು ತೆಗೆದು ಅವರ ಖಾತೇಕ್ಕ ಹಾಕೀನಿ” ಅಂದರು. ನಾನು ಎಷ್ಟು ಹೇಳಿದ್ದರೂ ಇಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ಆಗ ಕೇಳಿದೆ. ಉಳಿತಾಯದ ಪುಟ ಇದೆ, ಖರ್ಚಿನ ಪುಟ ಎಲ್ಲಿ? ಗೃಹಲಕ್ಷ್ಮಿ ದುಡ್ಡು ಎಲ್ಲಿ ಹೋಗುತ್ತದೆ? ಬಹಳ ಹೊತ್ತು ಮಾತಿಲ್ಲ. ಕೊನೆಗೆ ಹೇಳಿದರು. ಮಗಳ ಮದುವೆಗೆ ಒಂದೂವರೆ ಲಕ್ಷ ಕೈಸಾಲ. ನೂರಕ್ಕೆ ಮೂರು. ತಿಂಗಳಿಗೆ 4,500 ರೂಪಾಯಿ ಬಡ್ಡಿಯೇ, ವರ್ಷಕ್ಕೆ 54,000. ಎರಡು ವರ್ಷವಾದರೂ ಅಸಲು ಒಂದು ರೂಪಾಯಿ ತೀರಿಲ್ಲ. ಮಿಲ್ಲಿನ ಸೀಜನ್ ಮುಗಿದ ಮೇಲೆ ಓವರ್‌ಟೈಮ್ ಇಲ್ಲ, ಆ ತಿಂಗಳುಗಳಲ್ಲೇ ಮನೆಯಲ್ಲಿ ಸ್ವಿಚ್ಚಿನ ಕಾವಲು ಜೋರಾಗುತ್ತಿದ್ದದ್ದು. ಹೆಂಡತಿಗೆ ಗೊತ್ತಿರಲಿಲ್ಲ.

ಇದನ್ನು ನಾನು ಹೆಂಡತಿಗೆ ಹೇಳುವುದಿಲ್ಲ, ನೀವೇ ಹೇಳಬೇಕು, ಬೇಕಾದರೆ ಇಲ್ಲೇ ಹೇಳಿ ಅಂದೆ. ಹೇಳಿದರು. ಆಕೆ ಅತ್ತರು, ಬೈದರು, “ಕೇಳಿದ್ರ ಬಂಗಾರ ಕೊಡ್ತಿದ್ದಿಲ್ಲೇನು ನಾ? ಎರಡ್ ವರ್ಷ ಫ್ಯಾನ್ ಬಂದ್ ಮಾಡಿ ಕುಂತಿರಿ” ಅಂದರು. ನಾನು ನಡುವೆ ಬಾಯಿ ಹಾಕಲಿಲ್ಲ. ಆ ಬೈಗುಳ ಬಾಕಿ ಇತ್ತು, ಚುಕ್ತಾ ಆಗಲಿ.

ಸಲಹೆ ಕೊಟ್ಟದ್ದು ಇಷ್ಟು. ಮೊದಲು ಬಡ್ಡಿ ಇಳಿಸಬೇಕು. ಬ್ಯಾಂಕಿನ ಚಿನ್ನದ ಸಾಲ ವರ್ಷಕ್ಕೆ ಸುಮಾರು ಶೇಕಡಾ 9-10ಕ್ಕೆ ಸಿಗುತ್ತದೆ. ಒಂದೂವರೆ ಲಕ್ಷಕ್ಕೆ ತಿಂಗಳಿಗೆ ಹೆಚ್ಚೆಂದರೆ 1,250 ರೂಪಾಯಿ. 4,500 ಎಲ್ಲಿ, 1,250 ಎಲ್ಲಿ? ಮೂರು ಸಾವಿರದ ಮೇಲೆ ಉಳಿಯಿತು, ಒಂದೂ ಲೈಟು ಆರಿಸದೆ. ಆದರೆ ಬಂಗಾರ ಆಕೆಯದು, ತೀರ್ಮಾನವೂ ಆಕೆಯದೇ. ಬೇಡ ಅಂದರೆ ಬೇಡ, ಸ್ವಸಹಾಯ ಸಂಘದ ಸಾಲ ಕೇಳಿ ನೋಡೋಣ ಅಂದೆ. ರಸೀದಿ ಆಕೆಯ ಹೆಸರಲ್ಲೇ ಇರಬೇಕು, ಗಡುವಿನ ತಾರೀಖು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿರಬೇಕು. ಗಡುವು ಮೀರಿದರೆ ಒಡವೆ ಹರಾಜಿಗೆ ಹೋಗುತ್ತದೆ. ಕೈಸಾಲ ತೀರಿಸಿದ ದಿನ ಕೊಟ್ಟ ಬಾಂಡು, ಖಾಲಿ ಚೆಕ್ಕು ವಾಪಸ್ ಇಸಿದುಕೊಳ್ಳದೆ ಬರಬೇಡಿ ಅಂತಲೂ ಹೇಳಿದೆ. ಇದನ್ನು ಮರೆಯುವವರೇ ಹೆಚ್ಚು.

ಆಮೇಲೆ ಮನೆಯೊಳಗಿನ ಮಾತು. ಅಜ್ಜಿಯ ಕೂಲರ್, ಫ್ರಿಜ್, ಹಾಲು, ಮಗನ ಓದುವ ಲೈಟು, ಇವಕ್ಕೆ ಉಳಿತಾಯದ ಹೆಸರಲ್ಲಿ ಕೈ ಹಚ್ಚಬಾರದು. ಕರೆಂಟು ಉಳಿಸಲೇಬೇಕು ಅನಿಸಿದರೆ ಫ್ಯಾನ್ ಬದಲಿಸಿ. ಹಳೆ ಫ್ಯಾನ್ 75 ವಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನ್ 30ರ ಸುಮಾರು. ದಿನಕ್ಕೆ 10 ತಾಸು ತಿರುಗಿದರೆ ತಿಂಗಳಿಗೆ 13 ಯೂನಿಟ್ ಉಳಿತು, ಯಾರೂ ಬೆವರದೆ. ಒಟ್ಟಿಗೆ ಎಲ್ಲ ಬೇಡ, ಜಾಸ್ತಿ ಓಡುವುದು ಯಾವುದೋ ಅದೊಂದು ಸಾಕು. ಗೃಹಲಕ್ಷ್ಮಿಯ ಕಾರ್ಡ್ ಆಕೆಯ ಹತ್ತಿರವೇ ಇರಲಿ. ಇಬ್ಬರಿಗೂ ತಿಂಗಳಿಗೆ 300 ರೂಪಾಯಿ ಲೆಕ್ಕ ಕೇಳದ ಹಣ. ಇದಕ್ಕೆ ಗಂಡ ಬಹಳ ತಕರಾರು ತೆಗೆದರು. ಲೆಕ್ಕವೇ ಇಲ್ಲದ ಹಣ ಅಂದರೆ ಅವರಿಗೆ ತಲೆಯೇ ಕೆಟ್ಟುಹೋಯಿತು. ಕೊನೆಗೆ “ಲೆಕ್ಕ ಇಲ್ಲದ್ದು” ಅಂತಲೇ ಒಂದು ಬಾಬ್ತು ಬರೆದುಕೊಳ್ಳಿ ಅಂದಾಗ ಒಪ್ಪಿದರು. ಸಂಜೆ ಕಣ್ಣಿ ಮಾರ್ಕೆಟ್ಟಿನ ಕೆಲಸ ವಾರಕ್ಕೊಮ್ಮೆ ಅವರದು. ಉಳಿಸುವ ಹುಕಿ ಇರುವವರು ಚೀಲ ಹಿಡಿದು ನಡೆಯಲಿ ಅಲ್ವಾ?

ಸಾಲ ಬದಲಾಯಿತು. ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಒಳಗೆ ಜನ ಇದ್ದರೂ ಬಚ್ಚಲಿನ ಲೈಟು ಆರಿಸುವ ಚಟ ಇನ್ನೂ ಹೋಗಿಲ್ಲವಂತೆ. ಮೀಟರ್ ದಿನಾ ನೋಡುತ್ತಾರೆ, ನೋಡಲಿ ಬಿಡ್ರಿ ಅನ್ನುತ್ತಾರೆ ಹೆಂಡತಿ. ಈಗಿನ ಜಗಳ ಆ ಉಳಿದ ಮೂರು ಸಾವಿರದ್ದು. ಎಲ್ಲವನ್ನೂ ಅಸಲಿಗೆ ಕಟ್ಟಬೇಕು ಅಂತ ಗಂಡ. ಸಾವಿರ ರೂಪಾಯಿ ಮಗನ ಡಿಗ್ರಿ ಫೀಸಿಗೆ ತಿಂಗಳ ಕಂತಿನ ಠೇವಣಿ, ಅಂದರೆ ಆರ್‌ಡಿ ಕಟ್ಟಬೇಕು ಅಂತ ಹೆಂಡತಿ. ಆರ್‌ಡಿಗೆ ಸಿಗುವ ಬಡ್ಡಿ ಶೇಕಡಾ ಆರು-ಏಳರ ಆಸುಪಾಸು, ಸಾಲದ ಬಡ್ಡಿ ಅದಕ್ಕಿಂತ ಜಾಸ್ತಿ. ಬರೀ ಲೆಕ್ಕ ನೋಡಿದರೆ ಗಂಡನ ಮಾತೇ ಸರಿ. ಆದರೆ ಕೈಯಲ್ಲಿ ಫೀಸಿನ ಹಣ ಇಲ್ಲದೆ ಜೂನ್ ಬಂದರೆ ಮತ್ತೆ ನೂರಕ್ಕೆ ಮೂರರ ಬಾಗಿಲಿಗೆ ಹೋಗುತ್ತಾರೆ ಅನ್ನುವ ಆಕೆಯ ಹೆದರಿಕೆಯೂ ಸುಳ್ಳಲ್ಲ. ಇಬ್ಬರೂ ಬುಕ್ಕು ಮುಂದಿಟ್ಟುಕೊಂಡು ಕೂತು ಮಾತಾಡಿ ಬರಲಿ ಅಂತ ಕಳಿಸಿದ್ದೇನೆ.