ಆ ಗುಡಿಸಲ ಬಾಗಿಲಲ್ಲಿ ಯಾರೂ ಯಾಕಿಲ್ಲ?

ಕಳೆದ ಸಂಚಿಕೆಯ ಮುಖಪುಟಕ್ಕೆ ಐರಿಷ್ ಚಿತ್ರಕಾರ ಪಾಲ್ ಹೆನ್ರಿಯ ಐರ್ಲೆಂಡ್ ಚಿತ್ರ ಹಾಕಿದ್ದಕ್ಕೆ ಶಿವಮೊಗ್ಗದ ಓದುಗರೊಬ್ಬರು ಸಿಟ್ಟಾಗಿ ಬರೆದಿದ್ದಾರೆ. ದೇಶ ಹೊತ್ತಿ ಉರೀತಿದ್ದಾಗ ಕೂತ್ಕೊಂಡು ಮೋಡ ಬರೆದೋನನ್ನ ಯಾಕೆ ಹೊಗಳ್ತೀರಿ, ಇದು ಕ್ಯಾಲೆಂಡರ್ ಆರ್ಟ್ ಅಲ್ವಾ ಅಂತ.

ಸರ್, ನಿಮ್ಮ ಸಿಟ್ಟು ಅರ್ಧ ಸರಿ. ಬ್ರಿಟಿಷ್ ಆಳ್ವಿಕೆ ವಿರುದ್ಧ 1916ರ ಈಸ್ಟರ್ ದಂಗೆ, ಆಮೇಲೆ ಬ್ರಿಟಿಷರ ವಿರುದ್ಧ ಯುದ್ಧ, 1921ರ ಕೊನೆಗೆ ಅವರ ಜೊತೆ ಒಪ್ಪಂದ, ಆ ಒಪ್ಪಂದದ ಮೇಲೇ ಜಗಳ ಎದ್ದು 1922-23ರಲ್ಲಿ ತಮ್ಮತಮ್ಮಲ್ಲೇ ಕಾದಾಟ, ಇಷ್ಟೆಲ್ಲಾ ನಡೀವಾಗ ಹೆನ್ರಿ ಒಂದು ಬಂದೂಕನ್ನೂ ಬರೆದ ಹಾಗೆ ಕಾಣಲ್ಲ. ಅದೇ ಕಾಲದ ಇನ್ನೊಬ್ಬ ಐರಿಷ್ ಚಿತ್ರಕಾರ ಶಾನ್ ಕೀಟಿಂಗ್ ಹೊಂಚು ಹಾಕಿ ಕೂತ ಹೋರಾಟಗಾರರನ್ನೇ ಬರೆದ. ಮತ್ತೊಬ್ಬ ಚಿತ್ರಕಾರ ಜ್ಯಾಕ್ ಯೇಟ್ಸ್, 1914ರಲ್ಲಿ ಡಬ್ಲಿನ್‌ನ ಬ್ಯಾಚಲರ್ಸ್ ವಾಕ್‌ನಲ್ಲಿ ಸೈನಿಕರು ಜನರ ಮೇಲೆ ಗುಂಡು ಹಾರಿಸಿದ ಜಾಗದಲ್ಲಿ ಹೂ ಮಾರೋ ಹುಡುಗಿ ಒಂದು ಹೂ ಹಾಕಿ ಹೋಗೋದನ್ನ ಬರೆದ, ಅಷ್ಟೇ, ರಕ್ತ ಗಿಕ್ತ ಏನಿಲ್ಲ, ಆದ್ರೂ ನೋಡಿದ್ರೆ ಗಂಟಲು ಕಟ್ಟುತ್ತೆ.

ಆದ್ರೆ ಹೆನ್ರಿ ಶುರುವಿನಿಂದಲೇ ಹೀಗಿರ್ಲಿಲ್ಲ, ನಾನು ಹೇಳ್ಬೇಕಂತಿರೋದು ಇದೇ. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಕಲಿತು ಲಂಡನ್‌ನಲ್ಲಿ ಬದುಕ್ತಿದ್ದ ಈ ಮನುಷ್ಯ 1910ರಲ್ಲಿ ಪಶ್ಚಿಮದ ಅಕಿಲ್ ದ್ವೀಪಕ್ಕೆ ಸುಮ್ನೆ ಹೋದೋನು ಹತ್ತಿರತ್ತಿರ ಹತ್ತು ವರ್ಷ ಅಲ್ಲೇ ಉಳಿದುಬಿಟ್ಟ. ಆವಾಗಿನ ಚಿತ್ರಗಳ ತುಂಬಾ ಜನ. ಕರಕ್ ಅನ್ನೋ ಹಗುರದ ದೋಣೀನ ಕಡಲಿಗೆ ನೂಕ್ತಿರೋ ಗಂಡಸರು, 1912ರ ಚಿತ್ರದಲ್ಲಿ ಸೊಂಟ ಬಗ್ಗಿಸಿ ಆಲೂಗಡ್ಡೆ ಅಗೀತಿರೋ ಹೆಂಗಸರು. ಆಲೂಗಡ್ಡೆ ಅಂದ್ರೆ ಅಲ್ಲಿ ಬರೀ ತರಕಾರಿ ಅಲ್ಲ ನೋಡಿ, 1840ರ ದಶಕದಲ್ಲಿ ಆ ಬೆಳೆಗೆ ರೋಗ ಬಿದ್ದು ಹತ್ತು ಲಕ್ಷದಷ್ಟು ಜನ ಸತ್ತಿದ್ರು, ಇನ್ನೂ ಅಷ್ಟೇ ಜನ ಹಡಗು ಹತ್ತಿ ಹೋದ್ರು, ಅಕಿಲ್ ಇರೋ ಮಾಯೋ ಸೀಮೆಗಂತೂ ಏಟು ಜೋರಾಗೇ ಬಿದ್ದಿತ್ತು. ಅಲ್ಲಿ ಬಗ್ಗಿದ ಬೆನ್ನು ಬರೆಯೋದು ರಾಜಕೀಯ ಅಲ್ಲ ಅಂತ ನಂಗೆ ಅನ್ಸಲ್ಲ.

1919ರ ಸುಮಾರಿಗೆ ಡಬ್ಲಿನ್‌ಗೆ ಬಂದ. ಅಲ್ಲಿಂದಾಚೆ ಜನ ಒಬ್ಬೊಬ್ಬರಾಗಿ ಚಿತ್ರದಿಂದ ಎದ್ದು ಹೋಗ್ತಾರೆ. ಬೆಟ್ಟ, ಮುಕ್ಕಾಲು ಪಾಲು ಮೋಡ, ಉರುವಲಿಗೆ ಕೊಯ್ದು ಪೇರಿಸಿಟ್ಟ ಪೀಟ್ ಮಣ್ಣಿನ ರಾಶಿ, ಸುಣ್ಣ ಬಳಿದ ಗುಡಿಸಲು, ಬಾಗಿಲಲ್ಲಿ ಮಾತ್ರ ಯಾರೂ ಇಲ್ಲ. 1920ರ ದಶಕದ ಶುರುವಿನ, ಪಶ್ಚಿಮ ಕರಾವಳಿಯ ಕಿಲರಿ ಹಾರ್ಬರ್ ಅನ್ನೋ ಕೊಲ್ಲಿಯ ಬೆಳಗಿನ ಚಿತ್ರ ನೋಡಿ, ಅಲುಗಾಡದ ನೀರು, ಒಂದು ನರಪಿಳ್ಳೆ ಇಲ್ಲ. ಅಣ್ಣತಮ್ಮಂದಿರೇ ಎರಡು ಕಡೆ ಆದ ಕಾಲದಲ್ಲಿ ಯಾವ ಕಡೆಯ ಮನುಷ್ಯನನ್ನ ತಂದು ನಿಲ್ಲಿಸ್ತೀರಿ? ಇದು ನನ್ನ ಊಹೆ, ಅವನು ಹೀಗೆ ಹೇಳಿದ ಅಂತಲ್ಲ.

ನಂಗೆ ಕಿರಿಕಿರಿ ಆಗೋದು ಆಮೇಲಿಂದು. 1925ರ ಹೊತ್ತಿಗೆ ಪಶ್ಚಿಮ ಐರ್ಲೆಂಡಿನ ಅದೇ ಖಾಲಿ ಕಾನ್ನಮಾರಾ ಸೀಮೆ, ಲಂಡನ್ ಮಿಡ್ಲೆಂಡ್ ಅಂಡ್ ಸ್ಕಾಟಿಷ್ ರೈಲ್ವೇಯ ಪೋಸ್ಟರ್ ಆಯ್ತು, ಬನ್ನಿ ರಜಾ ಕಳೀರಿ ಅಂತ. ನಿನ್ನೆಮೊನ್ನೆ ಬಿಟ್ಟು ಹೋದ ಬ್ರಿಟನ್ನಿನ ಕಂಪನಿ! ಹೊಸ ದೇಶದೋರೂ ನಮ್ಮ ನಿಜವಾದ ಐರ್ಲೆಂಡ್ ಇದೇ ಅಂತ ಅದನ್ನೇ ಅಪ್ಪಿಕೊಂಡ್ರು, ಆ ಗುಡಿಸಲಿನವರು ಮಾತ್ರ ಗಂಟುಮೂಟೆ ಕಟ್ಕೊಂಡು ವಲಸೆ ಹೋಗ್ತಾನೇ ಇದ್ರು. ಬೇಡಿಕೆ ಇದೆ ಅಂತ ಹೆನ್ರಿನೂ ಅದೇ ಬೆಟ್ಟ ಅದೇ ಮೋಡ ಬರೀತಾ ಹೋದ. ಕ್ಯಾಲೆಂಡರ್ ಅಂದ್ರಲ್ಲ, ಆ ಚಿತ್ರಗಳಿಗೆ ಆ ಮಾತು ಒಪ್ಪುತ್ತೆ, ಆಲೂಗಡ್ಡೆ ಅಗೆಯೋರಿಗೆ ಒಪ್ಪಲ್ಲ.

ಇನ್ನು ಮುಖಪುಟ ವಿಪರೀತ ನೀಲಿ, ಪ್ರೆಸ್‌ನೋರು ಕೆಡಿಸಿದ್ದಾರೆ ಅಂದ್ರಿ. ಇಲ್ಲ ಸರ್, ಅದು ಅವನದೇ ನೀಲಿ. ಹೆನ್ರಿಗೆ ಕೆಂಪು ಹಸಿರು ಸರಿಯಾಗಿ ಕಾಣ್ತಿರ್ಲಿಲ್ಲ, ಬಣ್ಣಗುರುಡು. ಹಾಗಿದ್ದೂ ಆ ಆಲೂಗಡ್ಡೆ ಚಿತ್ರದಲ್ಲಿ ಲಂಗದ ಕೆಂಪು ಹೇಗಿದೆ ಅಂತ ಒಂದ್ಸಲ ಹುಡುಕಿ ನೋಡಿ.