‘ಅಪಾಂಟೆಲಿಸ್’ ಎಂಬ ಹಳೆ ಚೀಟಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಕಾಲೇಜಿನ ಕೀಟಸಂಗ್ರಹದಲ್ಲಿ ‘ಅಪಾಂಟೆಲಿಸ್, ಕೂರ್ಗ್, 1952’ ಎಂಬ ಚೀಟಿಯ ಹತ್ತಾರು ಪರತಂತ್ರ ಕಣಜಗಳಿವೆ (ಬೇರೆ ಹುಳುವಿನೊಳಗೆ ಬೆಳೆಯುವಂಥವು). ಅಪಾಂಟೆಲಿಸ್‌ನ ಯಾವ ಕೀಲಿಗೂ (ಲಕ್ಷಣ ನೋಡಿ ಪ್ರಭೇದ ಗುರುತಿಸುವ ಪಟ್ಟಿ) ಹೊಂದುತ್ತಿಲ್ಲ. ಹೊಸ ಪ್ರಭೇದ ಎನ್ನಬಹುದೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ಈಗಲೇ ಬೇಡ. ಮೊದಲು ಕುಲವೇ ತಪ್ಪಿರಬಹುದೇ ನೋಡಿ. ಅಪಾಂಟೆಲಿಸ್ ಕುಲವೆಂಬ ದೊಡ್ಡ ಮೂಟೆಯನ್ನು ಕೀಟತಜ್ಞ ಮೇಸನ್ ಅವರು 1981ರಲ್ಲಿ ಬಿಚ್ಚಿ ಹಲವು ಕುಲಗಳಿಗೆ ಹಂಚಿದರು. ಅದಕ್ಕೂ ಹಿಂದಿನ ಚೀಟಿಯ ‘ಅಪಾಂಟೆಲಿಸ್’ ಇವತ್ತಿನ ಕೊಟೇಶಿಯಾ, ಗ್ಲಿಪ್ಟಾಪಾಂಟೆಲಿಸ್ ಅಥವಾ ಡೋಲಿಕೋಜೆನಿಡಿಯಾ ಆಗಿರಬಹುದು. ಎದೆಭಾಗದ ಹಿಂತುದಿಯ ಫಲಕ, ಅಂದರೆ ಪ್ರೊಪೋಡಿಯಮ್, ಒರಟಾಗಿದ್ದು ಮೊಟ್ಟೆಯಿಡುವ ಕೊಳವೆ ಗಿಡ್ಡವಿದ್ದರೆ ಕೊಟೇಶಿಯಾ ಕಡೆ ಹುಡುಕಿ. ಕೊಳವೆ ಗಿಡ್ಡವಿದ್ದೂ ಫಲಕ ಬಹುಮಟ್ಟಿಗೆ ನುಣುಪಾಗಿದ್ದರೆ ಗ್ಲಿಪ್ಟಾಪಾಂಟೆಲಿಸ್ ಕಡೆ.

ಕುಲ ಖಚಿತವಾದ ಮೇಲೆ ನಮ್ಮ ಭಾಗದಿಂದ ಹೆಸರಿಸಿದ ಎಲ್ಲ ಪ್ರಭೇದಗಳ ಮೂಲ ವಿವರಣೆ ಓದಬೇಕು, ಹಳೆಯ ‘ಅಪಾಂಟೆಲಿಸ್’ ಹೆಸರುಗಳನ್ನೂ ಬಿಡದೆ. ವಿಲ್ಕಿನ್ಸನ್ 1928ರಲ್ಲಿ ಮಾಡಿದ ಇಂಡೋ-ಆಸ್ಟ್ರೇಲಿಯನ್ ಪ್ರಭೇದಗಳ ಪರಿಷ್ಕರಣೆ ತಪ್ಪಿಸಿಕೊಳ್ಳುವಂತಿಲ್ಲ. ಬರಹ ಓದಿದ್ದಷ್ಟೇ ಸಾಲದು. ಹೆಸರಿಡುವಾಗ ಆಧಾರವಾಗಿಟ್ಟ ಮೂಲ ಮಾದರಿಗಳು, ಅಂದರೆ ಹೋಲೋಟೈಪ್‌ಗಳಿರುವ ಮ್ಯೂಸಿಯಂಗೆ ಬರೆದು ಮುಖ, ಎದೆಯ ಮೇಲ್ಭಾಗ, ಪ್ರೊಪೋಡಿಯಮ್, ಹೊಟ್ಟೆಯ ಮೊದಲ ಮೂರು ಫಲಕ, ರೆಕ್ಕೆ, ಹಿಂಗಾಲು, ಪಕ್ಕದಿಂದ ಕೊಳವೆಯ ಕವಚ, ಇಷ್ಟರ ಚಿತ್ರ ಕೇಳಿ. ಎಷ್ಟೋ ‘ಹೊಸ’ ಪ್ರಭೇದಗಳು ಬಿದ್ದುಹೋಗುವುದು ಈ ಹೋಲಿಕೆಯನ್ನು ಬಿಟ್ಟಿದ್ದರಿಂದ.

ಬಣ್ಣವನ್ನು ಆಧಾರವಾಗಿಟ್ಟುಕೊಳ್ಳಬೇಡಿ. ಎಪ್ಪತ್ತು ವರ್ಷದಲ್ಲಿ ಬಣ್ಣ ಮಾಸುತ್ತದೆ. ಸಯನೈಡ್ ಬಾಟಲಿಯಲ್ಲಿ ಕೊಂದಿದ್ದರೆ ಹಳದಿ ಕೆಂಪಿಗೆ ತಿರುಗಿರುತ್ತದೆ. ಗಾತ್ರವೂ ಅಷ್ಟೇ: ಸಣ್ಣ ಹುಳುವಿನೊಳಗೆ ಬೆಳೆದ ಕಣಜ ಸಣ್ಣದು. ಆದ್ದರಿಂದ ಅನುಪಾತಗಳನ್ನು ಅಳೆಯಿರಿ. ಅಳೆಯುವ ಭಾಗದ ಎರಡೂ ತುದಿ ಒಂದೇ ಫೋಕಸ್‌ನಲ್ಲಿರಲಿ, ಓರೆಯಾಗಿದ್ದರೆ ಉದ್ದ ಕಡಿಮೆ ಬರುತ್ತದೆ. ಸಾಧ್ಯವಿದ್ದರೆ ಹತ್ತು ಹೆಣ್ಣು, ಐದು ಗಂಡು ಅಳೆಯಿರಿ. ಗಂಡೊಂದನ್ನೇ ನಂಬಿ ಈ ಗುಂಪಿನಲ್ಲಿ ಹೆಸರಿಡುವುದನ್ನು ನಾವು ಒಪ್ಪುವುದಿಲ್ಲ.

ಪ್ರಶ್ನೆ: ಕಾರ್ಡಿಗೆ ಅಂಟಿಸಿದ ಕಣಜದ ಪ್ರೊಪೋಡಿಯಮ್ ಅಂಟಿನಲ್ಲಿ ಮುಳುಗಿದೆ. ಬಿಡಿಸುವುದು ಹೇಗೆ? ಡಿಎನ್‌ಎ ಸಿಗುತ್ತದೆಯೇ?
– ಓದುಗರು, ಧಾರವಾಡ

ಉತ್ತರ: ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ಮರಳು ಹಾಕಿ, ಬೂಸು ಬಾರದಂತೆ ಥೈಮಾಲ್‌ನ ನಾಲ್ಕಾರು ಹರಳಿಟ್ಟು, ಪಿನ್ ಸಮೇತ 24 ಗಂಟೆ ಬಿಡಿ. ಚೀಟಿಗಳನ್ನು ಮೊದಲೇ ಫೋಟೋ ತೆಗೆದು, ಕಳಚಿ, ಅದೇ ಕ್ರಮದಲ್ಲಿ ಪಕ್ಕಕ್ಕಿಡಿ. ಆಮೇಲೆ ಸಣ್ಣ ಕುಂಚದಿಂದ ಬೆಚ್ಚನೆಯ ನೀರಿನ ಹನಿ ಇಟ್ಟು ಹತ್ತು ನಿಮಿಷ ಕಾಯಿರಿ. ಕರಗದಿದ್ದರೆ ಅದು ಅರಗಿನ ಅಂಟಿರಬಹುದು, ಆಲ್ಕೋಹಾಲ್ ಬೇಕು. ಎಳೆದರೆ ಕಾಲುಗಳು ಕಾರ್ಡಿನಲ್ಲೇ ಉಳಿಯುತ್ತವೆ.

ಡಿಎನ್‌ಎಗೆ ಒಂದು ನಡುಗಾಲು ಸಾಕು. ಪ್ರೋಟೀನನ್ನು ಕರಗಿಸುವ ಪ್ರೋಟಿನೇಸ್-ಕೆ ದ್ರಾವಣದಲ್ಲಿ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇಟ್ಟರೆ ಹೊರಕವಚ ಉಳಿಯುತ್ತದೆ. ತೊಳೆದು ಅದೇ ಕಾರ್ಡಿಗೆ ಅಂಟಿಸಿ. ಪ್ರಭೇದ ಗುರುತಿಸಲು ಬಳಸುವ, 658 ಡಿಎನ್‌ಎ ಅಕ್ಷರಗಳ ಪೂರ್ಣ ಬಾರ್‌ಕೋಡ್ ಇಷ್ಟು ಹಳೆಯ ಮಾದರಿಯಲ್ಲಿ ಸಾಮಾನ್ಯವಾಗಿ ಕೈಕೊಡುತ್ತದೆ, ಡಿಎನ್‌ಎ ತುಂಡಾಗಿರುತ್ತದೆ. 100–150 ಅಕ್ಷರಗಳ ಚಿಕ್ಕ ತುಣುಕಿಗೆ ಪ್ರಯತ್ನಿಸಿ. ಹೋಲೋಟೈಪ್ ಆಗಬೇಕಾದದ್ದರ ಕಾಲನ್ನು ಮುಟ್ಟದೆ ಅದೇ ಸರಣಿಯ ಇನ್ನೊಂದನ್ನು ಬಳಸಬಹುದು, ಆದರೆ ಒಂದೇ ಚೀಟಿಯಡಿ ಎರಡು ಪ್ರಭೇದ ಬೆರೆತಿರುವುದುಂಟು. ಮೊದಲು ಪ್ರತಿಯೊಂದನ್ನೂ ಪರೀಕ್ಷಿಸಿ.

ಪ್ರಶ್ನೆ: ಆನ್‌ಲೈನ್ ಪತ್ರಿಕೆಯಲ್ಲಿ ಮಾತ್ರ ಪ್ರಕಟಿಸಿದರೆ ಹೊಸ ಪ್ರಭೇದದ ಹೆಸರು ಊರ್ಜಿತವೇ?
– ಸಂಶೋಧಕ, ಶಿವಮೊಗ್ಗ

ಉತ್ತರ: ಹೌದು, 2012ರಿಂದ. ಆದರೆ ಲೇಖನವನ್ನು ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ನೋಂದಣಿ ತಾಣವಾದ ಝೂಬ್ಯಾಂಕ್‌ನಲ್ಲಿ ನೋಂದಾಯಿಸಿ, ಆ ನೋಂದಣಿಯ ಪುರಾವೆ ಲೇಖನದೊಳಗೇ ಇರಬೇಕು. 1999ರ ನಂತರದ ಪ್ರಭೇದಕ್ಕೆ ಹೋಲೋಟೈಪ್ ಯಾವುದು, ಎಲ್ಲಿ ಇಡುತ್ತೀರಿ ಎಂದು ಸ್ಪಷ್ಟವಾಗಿ ಬರೆಯಲೇಬೇಕು. ಇದೊಂದು ಸಾಲು ಬಿಟ್ಟುಹೋದರೂ ಹೆಸರಿಗೆ ಮಾನ್ಯತೆಯಿಲ್ಲ. ಭಾರತದ ಮಾದರಿಯಾದರೆ 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಂ ಪ್ರಕಾರ ಅಧಿಕೃತ ಭಂಡಾರಕ್ಕೆ ತಿಳಿಸಿ ಮಾದರಿ ಒಪ್ಪಿಸಬೇಕು. ಹಳೆ ಚೀಟಿಯನ್ನು ಅಕ್ಷರಶಃ ಉದ್ಧರಿಸಿ. ‘ಮೈಸೂರು’ ಎಂದಿದ್ದರೆ ಊರೋ, 1973ರವರೆಗಿದ್ದ ರಾಜ್ಯದ ಹೆಸರೋ ಎಂಬ ನಿಮ್ಮ ತೀರ್ಮಾನವನ್ನು ಚೌಕ ಆವರಣದಲ್ಲಿ ಬೇರೆಯಾಗಿ ಕೊಡಿ. ಹೋಲೋಟೈಪ್‌ನ ಕೆಂಪು ಚೀಟಿಯನ್ನು ಹಳೆಯ ಚೀಟಿಗಳ ಕೆಳಗೆ ಚುಚ್ಚಿ, ಒಂದನ್ನೂ ಎಸೆಯಬೇಡಿ.