ಉದ್ಯೋಗ ಪ್ರಶ್ನೋತ್ತರ: ಕೆಲಸ ಕೊಡಿಸುವವರ ಕೆಲಸ

ಪ್ರಶ್ನೆ: ನನಗೆ 25 ವರ್ಷ. ಬಿ.ಕಾಂ. ಮುಗಿಸಿ ಊರಿನ ಖಾಸಗಿ ಶಾಲೆಯೊಂದರ ಕಚೇರಿಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದೇನೆ. ಈಗ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು ರಿಕ್ರೂಟರ್ (ಕಂಪನಿಗಳಿಗೆ ಕೆಲಸಗಾರರನ್ನು ಹುಡುಕಿಕೊಡುವವರು) ಹುದ್ದೆಗೆ ಕರೆದಿದ್ದಾರೆ. ಸಂಬಳ ಕಡಿಮೆ, ಜೊತೆಗೆ ಇನ್ಸೆಂಟಿವ್ ಇದೆ ಎನ್ನುತ್ತಾರೆ. ಎಂ.ಬಿ.ಎ. ಇಲ್ಲದೆ ಈ ವೃತ್ತಿಯಲ್ಲಿ ಮುಂದೆ ಬರಲು ಸಾಧ್ಯವೇ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ದಿನವಿಡೀ ಫೋನ್ ಮಾಡುವುದೂ ಒಂದು ಕೆಲಸವೇ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ.
(ಹೆಸರು ಬೇಡ, ಹಾವೇರಿ)

ಉತ್ತರ: ದೊಡ್ಡ ಕಂಪನಿಯ ಎಚ್‌ಆರ್ ವಿಭಾಗವನ್ನು ನೇರವಾಗಿ ಸೇರಲು ಎಂ.ಬಿ.ಎ. ಕೇಳುವುದುಂಟು. ಕನ್ಸಲ್ಟೆನ್ಸಿಗಳು ಮಾತ್ರ ಯಾವುದೇ ಪದವಿಯವರನ್ನು ತೆಗೆದುಕೊಳ್ಳುತ್ತವೆ. ಅಲ್ಲಿ ಎರಡು ಮೂರು ವರ್ಷ ಪಳಗಿ ಕಂಪನಿಗಳ ನೇಮಕಾತಿ ತಂಡಕ್ಕೆ ಹೋದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಪದವಿಯ ಚಿಂತೆಗಿಂತ ಮೊದಲು ನೀವು ತಿಳಿದುಕೊಳ್ಳಬೇಕಾದದ್ದು, ಈ ಕಸುಬಿನಲ್ಲಿ ಹಣ ಯಾರಿಂದ, ಯಾವಾಗ ಬರುತ್ತದೆ ಎಂಬುದನ್ನು.

ಹಣ ಕೊಡುವುದು ಕಂಪನಿ. ನಮ್ಮಲ್ಲಿ ಹೆಚ್ಚಾಗಿ ಚಾಲ್ತಿಯಲ್ಲಿರುವ ದರ ಅಭ್ಯರ್ಥಿಯ ವಾರ್ಷಿಕ ವೇತನದ ಶೇ 8.33, ಅಂದರೆ ಒಂದು ತಿಂಗಳ ಸಂಬಳ. ವರ್ಷಕ್ಕೆ 3.6 ಲಕ್ಷ ರೂಪಾಯಿ ವೇತನದ ಹುದ್ದೆಯೊಂದನ್ನು ನೀವು ತುಂಬಿಸಿದರೆ ನಿಮ್ಮ ಕನ್ಸಲ್ಟೆನ್ಸಿ ಸುಮಾರು 30,000 ರೂಪಾಯಿಗೆ ಶೇ 18ರಷ್ಟು ಜಿಎಸ್‌ಟಿ ಸೇರಿಸಿ ಬಿಲ್ ಮಾಡುತ್ತದೆ. ಆ ಬಿಲ್ ಹೊರಡುವುದು ಅಭ್ಯರ್ಥಿ ಕೆಲಸಕ್ಕೆ ಹಾಜರಾದ ಮೇಲೆ. ಅದರ ಮೇಲೂ ಒಪ್ಪಂದದಲ್ಲಿ ಸಾಮಾನ್ಯವಾಗಿ 90 ದಿನಗಳ ಷರತ್ತೊಂದು ಇರುತ್ತದೆ. ಅಷ್ಟರೊಳಗೆ ಆತ ಬಿಟ್ಟುಹೋದರೆ ಬದಲಿ ವ್ಯಕ್ತಿಯನ್ನು ಪುಕ್ಕಟೆಯಾಗಿ ಹುಡುಕಿಕೊಡಬೇಕು. ಹೀಗಾಗಿ ನೂರು ಕರೆ, ಹತ್ತು ಸಂದರ್ಶನ, ಮೂರು ಆಫರ್ ಲೆಟರ್ ಆಗಿಯೂ ಒಬ್ಬರೂ ಹಾಜರಾಗದಿದ್ದರೆ ಆ ತಿಂಗಳು ನಿಮ್ಮ ಇನ್ಸೆಂಟಿವ್ ಖಾತೆಯಲ್ಲಿ ಸೊನ್ನೆಯೇ. ನಿಮ್ಮ ಇನ್ಸೆಂಟಿವ್ ಅಭ್ಯರ್ಥಿ ಸೇರಿದ ದಿನದ ಲೆಕ್ಕಕ್ಕೋ, 90 ದಿನ ಕಳೆದ ಮೇಲೋ, ಕಂಪನಿಯಿಂದ ಹಣ ಬಂದ ಮೇಲೋ ಎಂಬುದನ್ನು ಊರು ಬಿಡುವ ಮುನ್ನವೇ ಬರಹದಲ್ಲಿ ಪಡೆದುಕೊಳ್ಳಿ. ಐಟಿ ಕ್ಷೇತ್ರದಲ್ಲಿ ನೋಟಿಸ್ ಅವಧಿಯೇ ಎರಡು ಮೂರು ತಿಂಗಳಾಗುವುದು ಸಾಮಾನ್ಯ. ಆದ್ದರಿಂದ ಮೊದಲ ನಾಲ್ಕೈದು ತಿಂಗಳು ಇನ್ಸೆಂಟಿವ್ ಇಲ್ಲವೆಂದೇ ತಿಳಿದು, ಬರೀ ಮೂಲ ಸಂಬಳದಲ್ಲಿ ಪಿಜಿ ಬಾಡಿಗೆ ಮತ್ತು ಊಟದ ಖರ್ಚು ನೀಗುತ್ತದೆಯೇ ಎಂದು ಲೆಕ್ಕ ಹಾಕಿ.

ಫೋನಿನ ಮಾತಿಗೆ ಬರುತ್ತೇನೆ. ಪೀಣ್ಯದ ಕಾರ್ಖಾನೆಯೊಂದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಸೆಟ್ಟರ್ ಬೇಕೆಂದು ಕೇಳಿದೆ ಎಂದುಕೊಳ್ಳಿ. ನೌಕ್ರಿ ಎಂಬ ಉದ್ಯೋಗ ಜಾಲತಾಣದಲ್ಲಿ ಹುಡುಕಿದರೆ 'ಸಿಎನ್‌ಸಿ' ಎಂದು ಬರೆದುಕೊಂಡವರ ರೆಸ್ಯೂಮ್‌ಗಳು ರಾಶಿ ಬೀಳುತ್ತವೆ. ಅವರಲ್ಲಿ ಬಹುಪಾಲು ಆಪರೇಟರ್‌ಗಳು; ಯಂತ್ರಕ್ಕೆ ಜಾಬ್ (ರೂಪಿಸಬೇಕಾದ ಲೋಹದ ತುಂಡು) ಕಟ್ಟಿ, ಬಟನ್ ಒತ್ತಿ, ಹೊರಬಂದದ್ದನ್ನು ಅಳೆದು ನೋಡುವವರು. ಸೆಟ್ಟರ್ ಎನಿಸಿಕೊಂಡವನು ಟೂಲ್ ಕೂರಿಸಿ, ಆಫ್‌ಸೆಟ್ (ಟೂಲ್‌ನ ಅಳತೆಯ ಹೊಂದಾಣಿಕೆ) ಕೊಟ್ಟು, ಪ್ರೋಗ್ರಾಮ್‌ನಲ್ಲಿ ಸಣ್ಣಪುಟ್ಟ ತಿದ್ದುಪಡಿಯನ್ನೂ ಮಾಡಬಲ್ಲ. 'ನೀವು ಸೆಟ್ಟಿಂಗ್ ಮಾಡುತ್ತೀರಾ' ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. 'ಕಂಟ್ರೋಲ್ ಫ್ಯಾನಕ್ಕೋ, ಸೀಮೆನ್ಸೋ? ಹೊಸ ಇನ್ಸರ್ಟ್ ಹಾಕಿದ ಮೇಲೆ ಮೊದಲು ಏನು ಮಾಡುತ್ತೀರಿ?' ಎಂದು ಕೇಳಿ ಸುಮ್ಮನಿರಿ (ಫ್ಯಾನಕ್, ಸೀಮೆನ್ಸ್ ಎಂದರೆ ಯಂತ್ರ ನಡೆಸುವ ಕಂಟ್ರೋಲ್‌ನ ಎರಡು ಬ್ರ್ಯಾಂಡ್‌ಗಳು; ಇನ್ಸರ್ಟ್ ಎಂದರೆ ಟೂಲ್‌ನ ಕತ್ತರಿಸುವ ತುದಿ). ಕೆಲಸ ಗೊತ್ತಿದ್ದವನು ತಡೆಯಿಲ್ಲದೆ ಹೇಳಿಕೊಂಡು ಹೋಗುತ್ತಾನೆ, ಗೊತ್ತಿಲ್ಲದವನು ಸಂಬಳ ಎಷ್ಟೆಂದು ಕೇಳುತ್ತಾನೆ. ಇಂತಹ ಎರಡು ಪ್ರಶ್ನೆಗಳನ್ನು ಕಲಿಯಲು ನೀವು ಕಾರ್ಖಾನೆಯ ಮೇಲ್ವಿಚಾರಕರ ಬಳಿ ಅರ್ಧ ಗಂಟೆ ಕುಳಿತರೆ ಸಾಕು, ಆದರೆ ಆ ಅರ್ಧ ಗಂಟೆಯನ್ನು ಹೆಚ್ಚಿನವರು ಕೊಡುವುದೇ ಇಲ್ಲ. ಕಂಪನಿ ಕಳುಹಿಸಿದ ಜೆಡಿಯನ್ನು (ಹುದ್ದೆಯ ವಿವರಣೆ) ಫೋನಿನಲ್ಲಿ ಓದಿ ಹೇಳಿ ಮುಗಿಸುತ್ತಾರೆ. ನಿಮ್ಮ ಮನೆಯವರ ಅನುಮಾನ ಅಂಥವರ ಮಟ್ಟಿಗೆ ನಿಜವೇ.

ನಾನೂ ಮೊದಲ ವರ್ಷ ಎಡವಿದ್ದೇನೆ. ಫಿಟ್ಟರ್ ಒಬ್ಬರನ್ನು ನಗರದ ಅಂಚಿನ ಕಾರ್ಖಾನೆಯೊಂದಕ್ಕೆ ಸೇರಿಸಿ ಖುಷಿಯಲ್ಲಿದ್ದೆ. ನಾಲ್ಕನೆಯ ದಿನ ಅವರೇ ಕರೆ ಮಾಡಿ, ಸೆಕೆಂಡ್ ಶಿಫ್ಟ್ ಬಿಡುವ ಹೊತ್ತಿಗೆ ರಾತ್ರಿ ಹನ್ನೊಂದಾಗುತ್ತದೆ, ಕಂಪನಿಯ ಬಸ್ ಇಲ್ಲ, ಬಿಎಂಟಿಸಿ ಬಸ್ಸೂ ಸಿಗುವುದಿಲ್ಲ, ಮೂರು ರಾತ್ರಿ ಹೆದ್ದಾರಿಯಲ್ಲಿ ಲಾರಿಗೆ ಕೈ ಮಾಡಿ ಮನೆ ಸೇರಿದೆ, ಇನ್ನು ಆಗದು ಎಂದರು. ಸಂಬಳ, ಅನುಭವ, ಪಿಎಫ್ ಎಲ್ಲವನ್ನೂ ಕೇಳಿದ್ದ ನಾನು ಮನೆ ಎಲ್ಲಿ, ಹೋಗಿಬರುವುದು ಹೇಗೆ ಎಂಬುದನ್ನು ಮಾತ್ರ ಕೇಳಿರಲಿಲ್ಲ. ಅಂದಿನಿಂದ ನನ್ನ ಮೊದಲ ಪ್ರಶ್ನೆ ಅದೇ. ಆಫರ್ ಕೊಟ್ಟ ಮೇಲೂ ವಾರಕ್ಕೊಮ್ಮೆ ಅಭ್ಯರ್ಥಿಯನ್ನು ಮಾತನಾಡಿಸಬೇಕು. ರಾಜೀನಾಮೆ ಸ್ವೀಕಾರವಾಯಿತೇ, ಹಳೆಯ ಕಂಪನಿಯವರು ಸಂಬಳ ಏರಿಸಿ ಉಳಿಸಿಕೊಳ್ಳುತ್ತಿದ್ದಾರೆಯೇ ಎಂಬ ಸುಳಿವು ಆ ಮಾತಿನಲ್ಲೇ ಸಿಕ್ಕಿಬಿಡುತ್ತದೆ.

ಇಂಗ್ಲಿಷಿನ ಬಗ್ಗೆ ಹೇಳುವುದಾದರೆ, ಐಟಿ ನೇಮಕಾತಿಗೆ ಅದು ಬೇಕೇ ಬೇಕು. ಇ-ಮೇಲ್ ಬರೆಯುವಷ್ಟನ್ನಾದರೂ ಆರು ತಿಂಗಳಲ್ಲಿ ರೂಢಿಸಿಕೊಳ್ಳಿ. ಆದರೆ ಪೀಣ್ಯ, ಬೊಮ್ಮಸಂದ್ರ, ಬಿಡದಿಯ ಕಾರ್ಖಾನೆಗಳಿಗೆ ಜನರನ್ನು ಹುಡುಕುವಾಗ ನಿಮ್ಮ ಕನ್ನಡವೇ ಬಂಡವಾಳ. ರಾಣೆಬೆನ್ನೂರಿನಲ್ಲಿ ಐಟಿಐ ಮಾಡಿದ ಹುಡುಗನಿಗೆ ಹಾವೇರಿ ಕಡೆಯ ಮಾತು ಕಿವಿಗೆ ಬಿದ್ದರೆ, ಬೇರೆಯವರಿಗೆ ಹೇಳದ ಸಂಗತಿಯನ್ನೂ ನಿಮಗೆ ಹೇಳಿಯಾನು. ಕೆಲಸಕ್ಕೆ ಸೇರುವಾಗ ಉತ್ಪಾದನಾ ಕ್ಷೇತ್ರದ ವಿಭಾಗವನ್ನೇ ಕೇಳಿ ಪಡೆಯಿರಿ ಎಂಬುದು ನನ್ನ ಸಲಹೆ.

ಪ್ರಶ್ನೆ: ದುಬೈನಲ್ಲಿರುವ ನಮ್ಮ ಸಂಬಂಧಿಕರೊಬ್ಬರು ಡ್ರೈವರ್, ಅಡುಗೆಯವರನ್ನು ಕಳುಹಿಸಿಕೊಡು, ಒಬ್ಬೊಬ್ಬರಿಂದ 50,000 ರೂಪಾಯಿ ತೆಗೆದುಕೊಂಡರೆ ನಿನಗೂ ಪಾಲಿದೆ ಎನ್ನುತ್ತಿದ್ದಾರೆ. ಮನೆಯಿಂದಲೇ ಇದನ್ನು ಆರಂಭಿಸಬಹುದೇ?
(ಓದುಗರು, ಕುಂದಾಪುರ)

ಉತ್ತರ: ಖಂಡಿತ ಬೇಡ. ವಿದೇಶದ ಕೆಲಸಕ್ಕೆ ಜನರನ್ನು ನೇಮಿಸಿ ಕಳುಹಿಸುವವರು 1983ರ ವಲಸೆ ಕಾಯ್ದೆಯಡಿ ನೋಂದಣಿ ಪತ್ರ ಪಡೆದಿರಬೇಕು. ಅದಿಲ್ಲದೆ ನಡೆಸಿದರೆ ಎರಡು ವರ್ಷಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ. ನೋಂದಾಯಿತ ಏಜೆಂಟರೂ ಒಬ್ಬ ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚಿನ ಸೇವಾಶುಲ್ಕ ಪಡೆಯುವಂತಿಲ್ಲ; ನಿಮ್ಮ ಸಂಬಂಧಿಕರು ಹೇಳಿದ ಮೊತ್ತ ಆ ಮಿತಿಯನ್ನೂ ಮೀರಿದೆ. ಅಲ್ಲಿ ಹೇಳಿದ ಕೆಲಸ ಸಿಗದೆ ಒಬ್ಬರು ಮರಳಿ ಬಂದರೂ ದೂರಿನಲ್ಲಿ ಮೊದಲು ಬೀಳುವುದು ಊರಿನಲ್ಲಿದ್ದು ಹಣ ಪಡೆದ ನಿಮ್ಮ ಹೆಸರು. ಈ ಕ್ಷೇತ್ರದಲ್ಲಿ ನಿಜವಾಗಿ ಆಸಕ್ತಿಯಿದ್ದರೆ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಅವರಲ್ಲೊಬ್ಬರ ಕಚೇರಿಯಲ್ಲಿ ನೌಕರರಾಗಿ ಸೇರಿ ವೀಸಾ, ಉದ್ಯೋಗ ಒಪ್ಪಂದ, ವಿಮೆಯ ಕಾಗದಪತ್ರಗಳನ್ನು ಕಲಿಯಿರಿ.

ಪ್ರಶ್ನೆ: ಕನ್ಸಲ್ಟೆನ್ಸಿ ಬಿಡುತ್ತಿದ್ದೇನೆ. ಎರಡು ವರ್ಷ ನಾನೇ ಕೂಡಿಹಾಕಿದ ಅಭ್ಯರ್ಥಿಗಳ ಎಕ್ಸೆಲ್ ಶೀಟ್ ಅನ್ನು ಜೊತೆಗೆ ಒಯ್ಯಬಹುದೇ?
(ಓದುಗರು, ಬೆಂಗಳೂರು)

ಉತ್ತರ: ಒಯ್ಯಬೇಡಿ. ನೀವು ಕೂಡಿಹಾಕಿದರೂ ಅದನ್ನು ಸಂಬಳ ಪಡೆದು, ಸಂಸ್ಥೆಯ ಪೋರ್ಟಲ್ ಖಾತೆ ಬಳಸಿ ಮಾಡಿದ್ದೀರಿ. ನಿಮ್ಮ ನೇಮಕಾತಿ ಪತ್ರದಲ್ಲಿ ಗೌಪ್ಯತೆಯ ಷರತ್ತು ಸಾಮಾನ್ಯವಾಗಿ ಇರುತ್ತದೆ, ತೆಗೆದು ಓದಿ. ಅಭ್ಯರ್ಥಿಗಳ ಕಡೆಯಿಂದ ನೋಡಿದರೂ, ಒಬ್ಬರ ವೈಯಕ್ತಿಕ ಮಾಹಿತಿಯನ್ನು ಅವರು ಒಪ್ಪಿದ ಉದ್ದೇಶಕ್ಕಷ್ಟೇ ಬಳಸಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಹೊಸ ಸಂಸ್ಥೆಯ ಹೆಸರನ್ನು ಹಾಕಿ. ನೀವು ಕೆಲಸ ಕೊಡಿಸಿದವರಲ್ಲಿ ನಿಮ್ಮನ್ನು ನೆನಪಿಟ್ಟುಕೊಂಡವರು ತಾವಾಗಿಯೇ ಸಂಪರ್ಕಿಸುತ್ತಾರೆ. ಆಗ ಅವರ ಒಪ್ಪಿಗೆ ಕೇಳಿ ಹೊಸ ಶೀಟ್ ಆರಂಭಿಸಿ.